ಮೀಸಲು ತಂತಿ ಪರ್ವ

ಕಂಬದಿಂದ ಕಂಬಕ್ಕೆ ಹಾರುವ ಮಾತುಗಳ ಒಡತಿಯೇ, ತಂತಿಗಳ ಅಧಿದೇವತೆಯೇ, ಈ ಕಥನಕ್ಕೆ ದನಿಗೂಡಿಸು. ರಸ್ತೆ ಅಗೆಯುವ ಗುದ್ದಲಿಯೇ ಕಾಲಪುರುಷನ ಆಯುಧವಾಗಿದ್ದ ಯುಗವದು. ಭೂಗರ್ಭದಲ್ಲಿ ಪವಡಿಸಿದ ಕೇಬಲ್ಲುಗಳು ವಾರಕ್ಕೆರಡು ಸಲ ವೀರಸ್ವರ್ಗವನ್ನೇರುತ್ತಿದ್ದ ಯುಗ. ಆಗ ಮಲಪ್ರಭೆಯ ದಂಡೆಯ ಒಂದು ಹಾಲಿನ ಡೇರಿಯಿಂದ ಪೇಟೆಯ ಹೆಡ್ ಆಫೀಸಿಗೆ ಹಾಲಿನ ಪರೀಕ್ಷೆಯ ವರದಿ ಹೊತ್ತೊಯ್ಯುವ ಏಕಮಾತ್ರ ತಂತಿಯನ್ನು ಕಾಯುತ್ತಿದ್ದವಳು ಲಕೋಟಾಲೇಪನಪಟು, ಝೆರಾಕ್ಸ್‌ಪುಸ್ತಿಕಾಪಾರಂಗತೆ, ಸಪ್ತಚತ್ವಾರಿಂಶದ್ವರ್ಷದೇಶೀಯೆ ಕಸ್ತೂರಿಬಾಯಿ ಹಂಪಣ್ಣವರ.

ಹತ್ತೊಂಬತ್ತು ವರ್ಷ ಟಪಾಲು ವಿಭಾಗದಲ್ಲಿ ಲಕೋಟೆಗೆ ಅಂಟು ಸವರಿದ ಬೆರಳುಗಳಿಂದಲೇ ಝೆರಾಕ್ಸ್ ಮಾಡಿಸಿದ ಪುಸ್ತಿಕೆಗಳನ್ನು ತಿರುವಿ ಕಲಿತು ಅವಳು ಕಂಪ್ಯೂಟರ್ ಕೋಣೆಗೆ ಏರಿಬಂದಿದ್ದಳು. ಅಲ್ಲಿ ರೂಟರ್ ಎಂಬ ದ್ವಾರಪಾಲಕನಿದ್ದ. ಸಂದೇಶಗಳಿಗೆ ದಾರಿ ತೋರುವುದು ಅವನ ಕಾಯಕ. ಮುಖ್ಯ ತಂತಿ ಮಡಿದರೆ ಮೋಡೆಮಿನ ಮೂಲಕ ಸಾಮಾನ್ಯ ಫೋನಿನಿಂದಲೇ ಹೆಡ್ ಆಫೀಸಿಗೆ ನಂಬರ್ ತಿರುಗಿಸಿ ಮೀಸಲು ದಾರಿ ತೆರೆಯಬೇಕೆಂದು ಅವನಿಗೆ ಅವಳು ಒಂದು ವಾರ ಪಾಠ ಹೇಳಿದ್ದಳು. ಇಂದು ಪರೀಕ್ಷೆ.

ಆಗ ಆಡಳಿತಸಿಂಹಾಸನಾರೂಢ, ಹಾಜರಿಪುಸ್ತಕಭೀಕರ ಗುರುಸಿದ್ದಪ್ಪ ಮೇಟಿಯವರು ಬಾಗಿಲಲ್ಲಿ ನಿಂತು ಗರ್ಜಿಸಿದರು.

"ಕಸ್ತೂರಿಬಾಯಾರ, ಇದು ರೊಟ್ಟಿ ಬಡದಂಗಲ್ರೀ, ನಾಕು ಸಲ ತಟ್ಟಿದ ಕೂಡ್ಲೇ ಉಬ್ಬಾಕ. ಮಧ್ಯಾಹ್ನದೊಳಗ ನಿಮ್ಮ ಡಬ್ಬಿ ತಾನಾಗೇ ಫೋನ್ ಹಚ್ಚಲಿಲ್ಲಂದ್ರ ಹೊರಗಿನ ಕಂಪನಿಯವರಿಗೆ ಕೆಲಸ ಕೊಡ್ತೀನಿ. ನೀವು ವಾಪಸ್ ಟಪಾಲಿಗೆ."

ವೀರಾಂಗನೆ ಸೆರಗು ಬಿಗಿದಳು. "ರೊಟ್ಟಿ ಹೆಂಗ ಉಬ್ಬತೈತಿ ಅಂತ ಗೊತ್ತಿಲ್ಲದವರು ಹಂಗ ಅಂತಾರ್ರಿ, ಸಾಹೇಬ್ರ. ಕುಂದರ್ರಿ, ನೋಡ್ರಿ."

ಮಾತು ಗಟ್ಟಿಯಾಗಿಯೇ ಬಂತು. ಒಳಗೆ ಮಾತ್ರ ಆ ಹಳೆಯ ಅಂಟಿನ ಹುಳಿವಾಸನೆ ಮೂಗಿಗೆ ಅಡರಿತು. ಟಪಾಲು ವಿಭಾಗದಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆದಿರಲಿಲ್ಲ. 'ಟಪಾಲು ಎಲ್ಲಿ' ಎಂದರೆ ಅವಳೇ ಓಗೊಡಬೇಕಿತ್ತು.

ಅವಳು ಮುಖ್ಯ ತಂತಿಯ ಕೊರಳನ್ನು ಸ್ವಹಸ್ತದಿಂದ ಕಿತ್ತಳು. ದ್ವಾರಪಾಲಕ ಕ್ಷಣಕಾಲ ಶೋಕಿಸಿದ. ಬಳಿಕ ಪಾಠವನ್ನು ನೆನೆದು ನಂಬರ್ ತಿರುಗಿಸಿದ. ದೀಪಗಳು ಮಿನುಗಿದವು. ನಂತರ ಮೌನ. ಮತ್ತೆ ತಿರುಗಿಸಿದ, ಮತ್ತೆ ಮೌನ. ಮೂರನೆಯ ಸಲವೂ ಅದೇ ಆದಾಗ ಮೇಟಿಯವರು ಗಡಿಯಾರದತ್ತ ಕಣ್ಣು ಹಾಯಿಸಿದರು.

ಅಷ್ಟರಲ್ಲಿ ಚಹಾಕುಂಭಧಾರಿಣಿ, ಕ್ಯಾಂಟೀನಿನ ಯಲ್ಲವ್ವ ಸೌಟು ಹಿಡಿದೇ ನುಗ್ಗಿಬಂದಳು.

"ಯಾರ್ರೀ ಅಕ್ಕಾರ ಅದು? ಮೂರು ಸಲ ಆತು, ಫೋನ್ ಮಾಡಿ ಕಿವ್ಯಾಗ ಕುಂಯ್ ಕುಂಯ್ ಅಂತ ಮುಲುಗಾಕತ್ತಾರ! ಚಾ ಬೇಕಾದ್ರ ಚಾ ಅನ್ನಬೇಕು. ಹಿಂಗ ಮುಲುಗಿದ್ರ ನಾ ಏನ್ ತಿಳ್ಕೋಬೇಕು?"

ಮೇಟಿಯವರು ಹೊಟ್ಟೆ ಹಿಡಿದು ನಕ್ಕರು. "ನೋಡ್ರಿ ಬಾಯಾರ, ನಿಮ್ಮ ಡಬ್ಬಿಗೆ ಚಾ ಬೇಕಂತ!"

ಕಸ್ತೂರಿಬಾಯಿ ನಗಲಿಲ್ಲ. "ಯಲ್ಲವ್ವ, ನಿನ್ನ ಫೋನಿನ ನಂಬರ್ ಎಷ್ಟು?"

"ಇಪ್ಪತ್ನಾಕು."

ಹೆಡ್ ಆಫೀಸಿನ ನಂಬರ್ ಶುರುವಾಗುವುದೂ ಇಪ್ಪತ್ನಾಲ್ಕರಿಂದಲೇ! ಡೇರಿಯ ಯಾವ ಫೋನಿನಿಂದಲೇ ಆಗಲಿ, ಪೇಟೆಗೆ ಮಾತಾಡಬೇಕಾದರೆ ಮೊದಲು ಸೊನ್ನೆ ಒತ್ತಬೇಕು. ಇಲ್ಲವಾದರೆ ಕರೆ ಡೇರಿಯೊಳಗೇ ಸುತ್ತುತ್ತದೆ, ಮೊದಲೆರಡು ಅಂಕಿಗೇ ಕ್ಯಾಂಟೀನಿನ ಫೋನು ಬಾರಿಸುತ್ತದೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ಎಲ್ಲರಿಗೂ ಹೇಳುತ್ತಿದ್ದರು, 'ಸೊನ್ನಿ ಹೊಡದು ಹೊರಗ ಹೋಗ್ರಿ' ಎಂದು. ಆಮೇಲೆ ಅದು ಬೆರಳಿಗೆ ಗೊತ್ತಿರುತ್ತಿತ್ತು, ತಲೆಗಲ್ಲ. ಫೋನ್ ನಂಬರುಗಳ ಪಟ್ಟಿಯಿದ್ದ ಗೋಡೆಯ ಬೋರ್ಡಿನಲ್ಲಿ ಅದನ್ನು ಯಾರೂ ಬರೆದಿರಲಿಲ್ಲ. ಆ ಬೋರ್ಡನ್ನು ನೋಡಿ ಅವಳು ಹೆಡ್ ಆಫೀಸಿನ ನಂಬರನ್ನು ಚಾಚೂ ತಪ್ಪದೆ ರೂಟರಿಗೆ ನಕಲು ಮಾಡಿದ್ದಳು.

ಅವಳು ಸೊನ್ನೆ ಸೇರಿಸಿದಳು. ಅದರ ಹಿಂದೆಯೇ ಒಂದು ಕಾಮಾ. ಹೊರಗಿನ ಲೈನಿನ ಸದ್ದು ಬರುವ ತನಕ ಒಂದು ಉಸಿರು ಕಾಯಿ ಎಂಬುದಕ್ಕೆ ಮೋಡೆಮಿನ ಭಾಷೆಯಲ್ಲಿ ಅದೇ ಗುರುತು. ಹೊರಗೆ ಹೋಗಬೇಕಾದರೆ ಮೊದಲು ಸೊನ್ನೆಯಾಗಬೇಕು, ಆಮೇಲೆ ಒಂದು ಉಸಿರು ಕಾಯಬೇಕು. ಇದನ್ನು ಅವಳಿಗೆ ಯಾವ ಪುಸ್ತಿಕೆಯೂ ಕಲಿಸಬೇಕಿರಲಿಲ್ಲ. ಅತ್ತೆಯ ಮನೆಯ ಹೊಸ್ತಿಲನ್ನು ದಿನಾ ಬೆಳಿಗ್ಗೆ ಹಾಗೆಯೇ ದಾಟಿ ಕೆಲಸಕ್ಕೆ ಬಂದವಳು. ತನಗೆ ಗೊತ್ತಿದ್ದುದನ್ನು ಡಬ್ಬಿಗೆ ಹೇಳಲು ಮರೆತಿದ್ದಳು, ಅಷ್ಟೆ.

ಆಗ ನೋಡಬೇಕಿತ್ತು! ಯಾವ ಮೋಡೆಮು ಚಹಾಂಗಣದಲ್ಲಿ ಮೂರು ಸಲ ಮಾನಭಂಗಗೊಂಡಿತ್ತೋ, ಆ ಮೋಡೆಮು ಸೊನ್ನೆಯೆಂಬ ಶಂಖವನ್ನೂದಿ, ಕಾಮಾವೆಂಬ ನಿಟ್ಟುಸಿರನ್ನು ಬಿಟ್ಟು, ಪೇಟೆಯ ದಿಕ್ಕಿಗೆ ಕೂಗಿತು. ಅತ್ತಣಿಂದ ಪ್ರತಿಮೋಡೆಮಿನ ಹೂಂಕಾರವೆದ್ದಿತು. ಕೀರಲು, ಕರಕರ, ಖರ್ರೆಂಬ ಮಹಾನಾದದ ಕೊನೆಗೆ ಹಸಿರು ದೀಪವೊಂದು ನಿಶ್ಚಲವಾಗಿ ಉರಿಯಿತು. ಬೆಳಗಿನ ಎಮ್ಮೆಹಾಲಿನ ವರದಿ ನಿಧಾನವಾಗಿ, ಆದರೆ ಪೂರ್ತಿಯಾಗಿ, ಹೆಡ್ ಆಫೀಸನ್ನು ಮುಟ್ಟಿತು.

ಕಸ್ತೂರಿಬಾಯಿ ಜಯಘೋಷಕ್ಕಾಗಿ ಹಿಂತಿರುಗಿದಳು.

"ಆತಲ್ರೀ?" ಎಂದರು ಮೇಟಿಯವರು, ಕೋಣೆಯ ಫೋನಿನ ರಿಸೀವರನ್ನು ಕಿವಿಗೆ ಒತ್ತಿಕೊಂಡು. "ಹಂಗಾರ ಲೈನ್ ಬಿಡ್ರಿ. ಮನಿಯಾಗ ಹೀರಿಕಾಯಿ ತರ್ಲೋ ಬ್ಯಾಡೋ ಕೇಳಬೇಕಾಗೇತಿ. ಇರೂದು ಒಂದ ಹೊರಗಿನ ಲೈನು, ಅದನ್ನ ನಿಮ್ಮ ಡಬ್ಬಿ ಹಿಡಕೊಂಡು ಕುಂತೈತಿ."

"ಮತ್ತ ಟಪಾಲು, ಸಾಹೇಬ್ರ?"

"ಅದಕ್ಕ ಬ್ಯಾರೆಯವರನ್ನ ನೋಡ್ತೀನಿ. ಮೊದಲ ಲೈನ್ ಬಿಡ್ರಿ ಅಂದ್ರ!"

ಅವಳು ಮುಖ್ಯ ತಂತಿಯನ್ನು ಮತ್ತೆ ಸಿಕ್ಕಿಸಿದಳು. ನಾಲ್ಕು ನಿಮಿಷ ಬಾಳಿದ ಮೀಸಲು ದಾರಿ ಮಡಚಿಕೊಂಡಿತು. ಹೀರೇಕಾಯಿಯ ಇತ್ಯರ್ಥವಾದ ಮೇಲೆ ಮೇಟಿಯವರು ರಿಜಿಸ್ಟರನ್ನು ಎಳೆದುಕೊಂಡು, 'ಕೆಲಸದ ವಿವರ' ಎಂಬ ಕಾಲಮ್ಮಿನಲ್ಲಿ ಆ ಮಹಾಸಮರವನ್ನು ದಾಖಲಿಸಿದರು. 'ಒಂದು ಸೊನ್ನೆ ಸೇರಿಸಲಾಯಿತು.'

ಕಸ್ತೂರಿಬಾಯಿ ಅದನ್ನು ಎರಡು ಸಲ ಓದಿದಳು. ಆಮೇಲೆ ಪೆನ್ನು ಇಸಿದುಕೊಂಡು, ಸೊನ್ನೆಯ ಪಕ್ಕದಲ್ಲಿ ಸಣ್ಣಗೆ 'ಮತ್ತು ಒಂದು ಕಾಮಾ' ಎಂದು ಸೇರಿಸಿ, ಕೆಳಗೆ ಪೂರ್ತಿ ಹೆಸರಿನ ರುಜು ಹಾಕಿದಳು.