ಇಬ್ಬರು ಹಿಡಿದ ಸ್ಟೇರಿಂಗು

ಹಳೆಯ ಮೋಟಾರು ಇಟ್ಟುಕೊಂಡವನಿಗೆ ಬುದ್ಧಿ ಹೇಳದವರು ಲೋಕದಲ್ಲಿ ಯಾರೂ ಇಲ್ಲ. ಕುದುರೆ ಕಟ್ಟಿದವನನ್ನು ಜನ ಹೊಗಳುತ್ತಾರೆ, ಎತ್ತು ಕಟ್ಟಿದವನ ಹತ್ತಿರ ಒಂದು ದಿನಕ್ಕೆ ಕೊಡು ಎಂದು ಕೇಳುತ್ತಾರೆ. ಮೋಟಾರು ಕೊಂಡವನ ಬಳಿ ಬಂದು ಮಾತ್ರ ಬಾನೆಟ್ಟಿನ ಮೇಲೆ ಕೈಯಿಟ್ಟು, ಜ್ವರ ನೋಡುವ ಹಕೀಮನಂತೆ ತಲೆ ಅಲ್ಲಾಡಿಸುತ್ತಾರೆ. ನನಗೂ ಎಲ್ಲರೂ ಬುದ್ಧಿ ಹೇಳಿದರು, ನಾನೂ ಕೇಳಿದೆ. ಕೇಳಬಾರದಿತ್ತು ಎಂದು ಈಗ, ಒಂದೇ ಬೆರಳಲ್ಲಿ ಸ್ಟೇರಿಂಗು ತಿರುಗಿಸುವ ಮೊಮ್ಮಗನ ಕಾರಿನಲ್ಲಿ ಕೂತಾಗಲೆಲ್ಲ ಅನ್ನಿಸುತ್ತದೆ.

ಕಾಲುವೆಗೆ ನೀರು ಬಿಟ್ಟ ಹೊಸತು. ನಾನು ಲಿಂಗಸುಗೂರಿನಲ್ಲಿ ಎಳೆಯ ವಕೀಲ. ಸಿಂಧನೂರಿನ ಕಡೆ ನೀರಿನ ಜೊತೆ ಜಗಳವೂ ಹರಿದು, ಬದುವಿನ ವ್ಯಾಜ್ಯ ಹೊತ್ತ ರೈತರು ನನ್ನ ತನಕ ಬರತೊಡಗಿದ್ದರು. ಓಡಾಟಕ್ಕೆಂದು, ಕಾಲುವೆ ಕೆಲಸ ಮುಗಿಸಿ ಊರು ಬಿಡುತ್ತಿದ್ದ ಒಬ್ಬ ಗುತ್ತೇದಾರನಿಂದ ಹಳೆಯ ವಿಲಾಯತಿ ಮೋಟಾರು ಕೊಂಡೆ. ಸೀದಾ ಹೋಗುವುದರಲ್ಲಿ ಅದಕ್ಕೆ ಸಾಟಿಯಿರಲಿಲ್ಲ. ತೊಂದರೆಯೆಂದರೆ ನಮ್ಮ ಕಡೆಯ ದಾರಿಗಳು ತಿರುಗುತ್ತಿದ್ದವು. ಸೀಟಿನಿಂದ ಅರ್ಧ ಎದ್ದು, ಬಾವಿಯ ಹಗ್ಗ ಜಗ್ಗಿದ ಹಾಗೆ ಜಗ್ಗಿದರೆ ಮಾತ್ರ ಸ್ಟೇರಿಂಗು ಮನಸ್ಸು ಮಾಡುತ್ತಿತ್ತು. ಕೋರ್ಟಿನ ಮುಂದೆ ನನ್ನ ಕಕ್ಷಿದಾರರೇ ಗಾಲಿಗೆ ಕೈಕೊಟ್ಟು ತಿರುಗಿಸುತ್ತಿದ್ದರು. ಎದುರು ಪಕ್ಷದವರು ನಿಂತು ನಗುತ್ತಿದ್ದರು.

ಸಿಂಧನೂರಿನ ಮೆಕ್ಯಾನಿಕ್ ಹುಸೇನಸಾಬ ಟೈರುಗಳನ್ನು ಒದ್ದು ನೋಡಿ ಗಾಳಿ ತುಂಬಿದ. ಆದರೂ ತಿರುಗಲಿಲ್ಲ. ಆಮೇಲೆ ನನ್ನ ರಟ್ಟೆ ಹಿಚುಕಿ ನೋಡಿ, "ವಕೀಲ್ ಸಾಬ್, ಗಾಡಿ ಚೊಲೋ ಐತ್ರಿ. ನಿಮ್ಮ ತೋಳಿನ್ಯಾಗ ದಮ್ ಇಲ್ಲ. ಎಮ್ಮಿ ಹಾಲು ಕುಡೀರಿ" ಎಂದ. ಕುಡಿದೆ. ಹೊಟ್ಟೆ ಬಂತು, ಸೀಟಿಗೂ ಸ್ಟೇರಿಂಗಿಗೂ ನಡುವಿನ ಜಾಗ ಇನ್ನಷ್ಟು ಕಡಿಮೆಯಾಯಿತು.

ಆಗ ನನ್ನ ಮದುವೆಯಾಗಿ ಕೆಲವೇ ತಿಂಗಳು. ಹೆಂಡತಿ ನೀಲಮ್ಮ ಸಂತೆಕಲ್ಲೂರಿನ ಒಕ್ಕಲು ಮನೆತನದವಳು. ನಮ್ಮ ಮನೆ ಸಣ್ಣದು, ಮಂದಿ ಬಹಳ. ನಾನು ಪಡಸಾಲೆಗೆ ಬಂದರೆ ಅವಳು ಒಳಗೆ, ನಾನು ಒಳಗೆ ಹೋದರೆ ಅವಳು ಹಿತ್ತಲಿಗೆ. ಅವಳ ದನಿಯನ್ನು ನಾನು ಹೆಚ್ಚಾಗಿ ಗೋಡೆಯ ಆಚೆಯಿಂದಲೇ ಕೇಳಿದ್ದೆ.

ಒಮ್ಮೆ ಅವಳನ್ನು ತವರಿಗೆ ಕರೆದೊಯ್ಯುತ್ತಿದ್ದೆ. ಊರು ಇನ್ನೇನು ಬಂತು ಅನ್ನುವಾಗ ತಿರುವಿನಲ್ಲಿ ಜೋಳದ ಕಣಿಕೆ ಹೇರಿದ ಬಂಡಿ ಎದುರಾಯಿತು. ನಾನು ಎದ್ದು ಜಗ್ಗಿದೆ. ಮೋಟಾರು ಕೇಳದೆ ಎತ್ತುಗಳ ಮುಖಕ್ಕೇ ಹೊರಟಿತು. ಅಲ್ಲಿಯವರೆಗೆ ಬಾಗಿಲಿಗೆ ಅಂಟಿಕೊಂಡು ಕೂತಿದ್ದ ನೀಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಿಂದ ಸ್ಟೇರಿಂಗು ಹಿಡಿದಳು.

"ನೀವು ಜಗ್ರಿ, ನಾ ನೂಕ್ತೀನಿ!"

ತಿರುಗಿತು. ಬಂಡಿಯವನು ಬೈಯುತ್ತ ಹೋದ. ನಾನು ಏದುಸಿರು ಬಿಡುತ್ತಿದ್ದರೆ ಅವಳು ಬಳೆ ಸರಿಮಾಡಿಕೊಂಡು, "ಬೀಸುಕಲ್ಲು ಇದ್ದಂಗ ಐತ್ರಿ ಇದು. ಒಬ್ರ ಬೀಸಿದ್ರ ಭಾರ, ಇಬ್ರು ಕುಂತ್ರ ಹಗುರ" ಎಂದಳು. ಅಷ್ಟು ಉದ್ದದ ಮಾತು ಅವಳು ನನ್ನೊಡನೆ ಆಡಿದ್ದು ಅದೇ ಮೊದಲು.

ಸುದ್ದಿ ಕೇಳಿದ ನಮ್ಮವ್ವ ಗಾಬರಿಯಾದಳು. "ಇನ್ಮ್ಯಾಲೆ ಆಕಿನ್ನೂ ಕರ್ಕೊಂಡು ಹೋಗಪಾ. ಒಬ್ಬನ ತಿರುವಾಕ ಹೋಗಿ ಎಲ್ಯಾರ ಬಿದ್ದೀ" ಎಂದಳು. ಅವ್ವನ ಅಪ್ಪಣೆ ಮೀರುವ ಮಗ ನಾನಲ್ಲ. ವ್ಯಾಜ್ಯವಿದ್ದ ಹೊಲಗಳನ್ನು ನೋಡಲು ಇಬ್ಬರೂ ಹೊರಟೆವು. ವ್ಯಾಜ್ಯವಿಲ್ಲದ ಹೊಲಗಳನ್ನೂ ನೋಡಿದೆವು. ಮಸ್ಕಿಯ ಗುಡ್ಡ ದಾಟುವುದೇ ತಡ, ಮನೆಯಲ್ಲಿ ಮೂಗಿಯಾಗಿದ್ದವಳು ಬಾಯಿಬಿಡುತ್ತಿದ್ದಳು. ತಿರುವು ಬಂದರೆ ಮಾತು ನಿಲ್ಲಿಸಿ ಕೈಕೊಟ್ಟು, ಸ್ಟೇರಿಂಗು ತಿರುಗುವ ತನಕ ಬೀಸುವ ಹಾಡೊಂದನ್ನು ಗುನುಗುತ್ತಿದ್ದಳು. ಜೋಳ ಬಿಟ್ಟು ಬೇರೆ ಬೆಳೆ ಅಷ್ಟಾಗಿ ನೋಡದವಳಿಗೆ ದಢೇಸುಗೂರಿನ ಭತ್ತದ ಗದ್ದೆ ತೋರಿಸಿದೆ. ಕಾಲುವೆಯ ಏರಿಯ ಮೇಲೆ ಬಹಳ ಹೊತ್ತು ನಿಂತು, "ಇಷ್ಟು ಹಸರು ಒಂದ ಕಡಿ ಇಟ್ರ ದೃಷ್ಟಿ ಆಗಂಗಿಲ್ಲೇನ್ರಿ?" ಎಂದು ಕೇಳಿದಳು. ನಾನು ಹಸಿರನ್ನು ನೋಡುತ್ತಿರಲಿಲ್ಲ.

ಆಮೇಲೆ ನೀಲಮ್ಮ ಬಸುರಾದಳು. ಬಸುರಿ ಸ್ಟೇರಿಂಗು ಬೀಸುವಂತಿಲ್ಲ. ಬಾಣಂತನಕ್ಕೆ ತವರಿಗೆ ಹೋದಳು. ಖಾಲಿ ಸೀಟಿನ ಮೇಲೆ ಕೋರ್ಟಿನ ಕಡತಗಳನ್ನು ಪೇರಿಸಿದೆ. ಅವು ಬೀಸಲೂ ಇಲ್ಲ, ಹಾಡಲೂ ಇಲ್ಲ. ತಿರುವು ಬಂದಾಗಲೆಲ್ಲ ಎಡಕ್ಕೆ ನೋಡುವ ಚಾಳಿ ಮಾತ್ರ ಹೋಗಲಿಲ್ಲ. ಮಗು ಹುಟ್ಟಿತು. ತಾಯಿ ಮಗುವನ್ನು ಈ ಹಟಮಾರಿಯಲ್ಲಿ ಹೇಗೆ ತರುವುದು ಎಂದು ಮತ್ತೆ ಹುಸೇನಸಾಬನಲ್ಲಿಗೆ ಹೋದೆ.

ಈ ಸಲ ಅವನು ಜಾಕಿ ಕೊಟ್ಟು ಮುಂದಿನ ಗಾಲಿಗಳನ್ನು ಎತ್ತಿದ. ಗಾಳಿಯಲ್ಲಿ ತೇಲಿದರೂ ಅವು ಎಡಕ್ಕೂ ಬಲಕ್ಕೂ ಸುಲಭವಾಗಿ ತಿರುಗಲಿಲ್ಲ. ಸ್ಟೇರಿಂಗಿಗೂ ಗಾಲಿಗೂ ನಡುವಿನ ಸರಳು ಬಿಚ್ಚಿದ; ಸ್ಟೇರಿಂಗು ಬುಗುರಿಯಂತೆ ತಿರುಗಿತು. ಅಂದರೆ ತಪ್ಪು ಗಾಲಿಯ ಬುಡದ್ದು. ಗಾಲಿ ತಿರುಗಲು ಆಧಾರವಾದ ಪಿನ್ನಿಗೆ ಗ್ರೀಸು ಹೋಗಬೇಕಾದ ಸಂದಿಯಲ್ಲಿ ಕಾಲುವೆಯ ಎರೆಮಣ್ಣು ಕೂತು ಕಲ್ಲಾಗಿತ್ತು. ಅದನ್ನೆಲ್ಲ ಕೆತ್ತಿ ತೆಗೆದು, ಗ್ರೀಸು ತುಂಬಿ, "ಹಾಲು ಬಂದ್ ಮಾಡ್ರಿ ಸಾಬ್" ಎಂದ.

ಸಂತೆಕಲ್ಲೂರಿಗೆ ಹೂವಿನಂತೆ ಹೋದೆ. ಕೂಸನ್ನೆತ್ತಿಕೊಂಡು ನೀಲಮ್ಮ ಪಕ್ಕದಲ್ಲಿ ಕೂತಳು. ಮೊದಲ ತಿರುವು ಬಂತು, ಮೋಟಾರು ತಾನಾಗಿ ತಿರುಗಿತು. ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಎರಡನೆಯದೂ ಹಾಗೇ ಹೋಯಿತು. ಇಷ್ಟು ತಿಂಗಳು ಕಾದದ್ದು ಇದಕ್ಕೇನು ಅನ್ನಿಸಿತು. ಮುಂದಿನ ತಿರುವಿನಲ್ಲಿ ನಾನು ಸೀಟಿನಿಂದ ಅರ್ಧ ಎದ್ದು, ಹಲ್ಲು ಕಚ್ಚಿ, "ಹ್ಞೂ" ಎಂದು ತಿಣುಕಿದೆ.

"ರಿಪೇರಿ ಆಗೈತಿ ಅಂದ್ರೆಲ್ಲ?"

"ಇನ್ನೂ ಸ್ವಲ್ಪ ಬಿಗಿ ಐತಿ."

ಕೂಸನ್ನು ಎಡ ಹೆಗಲಿಗೆ ಹಾಕಿಕೊಂಡು ಬಲಗೈ ಚಾಚಿ, ಹಳೆಯ ಅಂದಾಜಿನಲ್ಲೇ ನೂಕಿದಳು. ಮೋಟಾರು ಗಿರ್ರನೆ ತಿರುಗಿ ದಾರಿ ಬಿಟ್ಟು ತೊಗರಿ ಹೊಲದೊಳಗೆ ಹೋಗಿ ನಿಂತಿತು. ಕೂಸು ನಿದ್ದೆಯಲ್ಲೇ ಇತ್ತು. ಓಡಿ ಬಂದ ರೈತ, "ಸ್ಟೇರಿಂಗ್ ಕೆಟ್ಟೈತೇನ್ರಿ?" ಎಂದು ಕೇಳಿದ.

"ಸ್ಟೇರಿಂಗ್ ಬೇಷ್ ಐತಪ್ಪ" ಎಂದಳು ನೀಲಮ್ಮ, ನನ್ನ ಮುಖ ನೋಡುತ್ತ. "ಹಿಡದವ್ರು ಕೆಟ್ಟಾರ."

ಆ ಹೊತ್ತಿನಿಂದ ಕೂಸಿಗೆ ಕ್ಷೇಮವೆಂದು ಅವಳು ಹಿಂದಿನ ಸೀಟಿಗೆ ಹೋದಳು. ಮುಂದಿನ ಸೀಟಿಗೆ ಅವ್ವ ಬಂದಳು, ಅವ್ವನ ನಂತರ ಮಕ್ಕಳು ಸರದಿಯ ಮೇಲೆ ಬಂದರು. ಅವಳ ಸರದಿ ಮತ್ತೆ ಬರಲೇ ಇಲ್ಲ. ಈ ವಕೀಲ ಹಿಂದಿನ ಲಾರಿಗೆ ಎಂದೂ ದಾರಿ ಬಿಡುವವನಲ್ಲ ಎಂಬ ಕೆಟ್ಟ ಹೆಸರು ಮಾತ್ರ ನನಗೆ ಸಿಂಧನೂರಿನ ತನಕ ಹಬ್ಬಿತು. ಒಮ್ಮೆ ಮನೆಮಂದಿಯನ್ನೆಲ್ಲ ತುಂಬಿಕೊಂಡು ಹೋಗಿದ್ದಾಗ ಹುಸೇನಸಾಬ ಒಳಗೆ ಬಗ್ಗಿ ನೋಡಿ, "ಸಾಬ್, ಈ ಕನ್ನಡಿ ಓರೆ ಆಗೈತಿ. ಹಿಂದಿನ ರಸ್ತಾ ಕಾಣಂಗಿಲ್ಲ, ಬರೇ ಹಿಂದಿನ ಸೀಟು ಕಾಣ್ತೈತಿ. ಸೀದಾ ಮಾಡ್ಲೇನ್ರಿ?" ಎಂದ.

ವಕೀಲನಾದವನು ಏನಾದರೊಂದು ವಾದ ಹೂಡಬೇಕಿತ್ತು. "ಬ್ಯಾಡ ಬಿಡೋ" ಎಂದಷ್ಟೇ ಹೇಳಿದೆ. ನೀಲಮ್ಮ ಬಾಯಿಗೆ ಸೆರಗು ಒತ್ತಿಕೊಂಡದ್ದು ಕನ್ನಡಿಯಲ್ಲಿ ಚೆನ್ನಾಗಿ ಕಾಣುತ್ತಿತ್ತು.