ಅರ್ಧ ಜಗಳದ ಬ್ಯಾಕಪ್

ನನ್ನ ಸೋದರಮಾವ ಹೇಳಿದ ದಿನ ಮಳೆ ಬರುವುದಿಲ್ಲ. ಇದು ಚಾಡಿಯಲ್ಲ, ದಾವಣಗೆರೆಯ ಎಸ್.ಎಸ್. ಬಡಾವಣೆಯ ಅರ್ಧ ಹೆಂಗಸರು ಇದನ್ನು ನಂಬಿಯೇ ಸಂಸಾರ ಮಾಡುತ್ತಿದ್ದಾರೆ. ಮಾವ "ಇಂದು ಭಾರೀ ಮಳೆ" ಎಂದರೆ ಸಾಕು, ನಮ್ಮ ಬೀದಿಯ ತಾರಸಿಗಳ ಮೇಲೆ ಕಂಬಳಿ, ಹಾಸಿಗೆ, ಮೆಣಸಿನಕಾಯಿ ಎಲ್ಲ ಬಿಸಿಲಿಗೆ ಬಂದುಬಿಡುತ್ತವೆ!

ಮಾವ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ಮೂವತ್ತು ವರ್ಷ ಮಕ್ಕಳಿಂದ ಮೋಡದ ಚಿತ್ರ ಬರೆಸಿ ಬರೆಸಿ, ಮೋಡದ ಒಳಗುಟ್ಟೆಲ್ಲ ತಮಗೆ ಗೊತ್ತು ಎಂಬ ನಂಬಿಕೆ ಬೆಳೆದಿತ್ತು. ನಿವೃತ್ತಿಯಾದ ಮರುದಿನವೇ ತಾರಸಿಗೆ ಕುರ್ಚಿ ಹಾಕಿಸಿಕೊಂಡರು. ಅವರ ಹವಾಮಾನ ಕೇಂದ್ರದಲ್ಲಿ ಇದ್ದ ಏಕೈಕ ಉಪಕರಣ ಅತ್ತೆಯ ಉಪ್ಪಿನ ಭರಣಿ. ಬೆಳಿಗ್ಗೆ ಎದ್ದು ಬೆರಳಿನಿಂದ ಉಪ್ಪು ಮುಟ್ಟಿ ನೋಡುವುದು, ತೇವ ಎನಿಸಿದರೆ ಮಳೆ, ಒಣಗಿದ್ದರೆ ಬಿಸಿಲು. ಅತ್ತೆ ಒಗ್ಗರಣೆ ಹಾಕಿ ಕೈ ಚಾಚಿದರೆ ಭರಣಿ ತಾರಸಿಯ ಮೇಲಿರುತ್ತಿತ್ತು. "ಇವರ್ದು ಹವಾಮಾನ ಮುಗಿಯೋತನ ನಮ್ಮನ್ಯಾಗೆ ಸಾರು ಸಪ್ಪೆ" ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು.

ಇಷ್ಟು ವಿದ್ಯೆಯನ್ನು ಒಬ್ಬರೇ ಇಟ್ಟುಕೊಳ್ಳಲಾದೀತೆ? ಒಂದು ಕನ್ನಡ ಜಾಲತಾಣದಲ್ಲಿ 'ದಾವಣಗೆರೆ ಹವಾಮಾನ' ಎಂಬ ಹೆಸರಿನಲ್ಲಿ ಖಾತೆ ತೆರೆದರು. ದಿನಾ ಏಳು ಗಂಟೆಗೆ ಒಂದು ಪೋಸ್ಟು: "ದಾವಣಗೆರೆ ಮತ್ತು ಸುತ್ತಮುತ್ತ ಇಂದು ಸಂಜೆ ಮಳೆಯಾಗುವ ಸಂಭವ ಹೆಚ್ಚು." ಏಳೂ ಐದಕ್ಕೆ ಅದರ ಕೆಳಗೆ ಒಂದೇ ಪದದ ಉತ್ತರ ಬಂದು ಕೂರುತ್ತಿತ್ತು: "ಸುಳ್ಳು."

ಹಾಗೆ ಬರೆಯುತ್ತಿದ್ದವರ ಹೆಸರು 'ಕೊಕ್ಕನೂರು ರೈತ'. ಮುಖದ ಜಾಗದಲ್ಲಿ ಒಂದು ಎಮ್ಮೆಯ ಫೋಟೋ. ಅದರ ಒಂದು ಕೊಂಬು ಮೇಲಕ್ಕೆ, ಇನ್ನೊಂದು ನೆಲಕ್ಕೆ. ಆ ಎಮ್ಮೆ ತಮ್ಮನ್ನೇ ಅಣಕಿಸುತ್ತಿದೆ ಎಂದು ಮಾವನಿಗೆ ಮೊದಲ ದಿನದಿಂದಲೇ ಅನುಮಾನ. ಹನ್ನೊಂದು ವರ್ಷ ನಡೆಯಿತು ಈ ಜಗಳ! ಮಾವ ಇಲ್ಲಿ ಬಿಸಿಲು ಎಂದರೆ, ಅವರು ಹರಿಹರದಾಚೆಯ ತಮ್ಮೂರಿನ ಭತ್ತದ ಗದ್ದೆಯಲ್ಲಿ ನೀರು ನಿಂತ ಫೋಟೋ ಹಾಕುತ್ತಿದ್ದರು. ಒಮ್ಮೆ ನಾನು, "ಮಾವ, ಇಲ್ಲಿ ಬಿಸಿಲು, ಅಲ್ಲಿ ಮಳೆ ಇರಬಹುದಲ್ಲ? ಇಬ್ಬರದೂ ಸರಿ" ಎಂದೆ. ಮಾವ ನನ್ನನ್ನು ದುರುಗುಟ್ಟಿ ನೋಡಿ, "ನೀನು ಯಾರ ಕಡೆ?" ಎಂದು ಕೇಳಿದರು. ಅಂದಿನಿಂದ ನಾನು ರಾಜಿ ಮಾತಾಡುವುದನ್ನು ಬಿಟ್ಟೆ.

ಹೀಗಿರುವಾಗ ಈ ಮುಂಗಾರಿನಲ್ಲಿ ಜಾಲತಾಣದವರು ಒಂದು ಸೂಚನೆ ಹಾಕಿದರು. ಭಾನುವಾರಕ್ಕೆ ಅಂಗಡಿ ಬಂದ್, ಬರೆದದ್ದನ್ನೆಲ್ಲ ಅಷ್ಟರೊಳಗೆ ತೆಗೆದಿಟ್ಟುಕೊಳ್ಳಿ ಎಂದು. ಮಾವ ಆ ದಿನ ಉಪ್ಪನ್ನೂ ಮುಟ್ಟಲಿಲ್ಲ.

ನನಗೆ ಹೇಳುವ ಮೊದಲೇ ತಾವೇ ಬ್ಯಾಕಪ್‌ಗೆ ಕೈ ಹಾಕಿದರು. ಹೇಗೆ ಅಂತೀರಿ? ನೇರ ಮೂಲೆಯ ಜೆರಾಕ್ಸ್ ಅಂಗಡಿಗೆ ಹೋಗಿ ಫೋನ್ ಮುಂದೆ ಚಾಚಿದರು!

"ಇದನ್ನ ಹೆಂಗ್ರಿ ಸರ್ ಜೆರಾಕ್ಸ್ ಮಾಡ್ಲಿ?" ಎಂದಳು ಅಂಗಡಿಯಾಕೆ.

"ಪುಸ್ತಕ ಮಕಾಡೆ ಮಲಗಿಸ್ತೀಯಲ್ಲಮ್ಮ, ಹಂಗೇ ಇದನ್ನೂ ಮಲಗ್ಸು."

ಮಲಗಿಸಿದಳು. ಉದ್ದನೆಯ ಒಂದು ಕಪ್ಪು ಪಟ್ಟಿ ಅಚ್ಚಾಗಿ ಬಂತು. ಬೇರೆಯವರಾಗಿದ್ದರೆ ಹರಿದು ಬಿಸಾಡುತ್ತಿದ್ದರು. ಮಾವ ಅದನ್ನು ಬೆಳಕಿಗೆ ಹಿಡಿದು, "ಥೇಟ್ ಆರಿದ್ರ ಮಳೆ ಮೋಡ ಇದ್ದಂಗೈತೆ" ಎಂದು ಮೆಚ್ಚಿ, ಮಡಚಿ ಜೇಬಿಗಿಟ್ಟುಕೊಂಡರು.

ಕೊನೆಗೆ ಕೆಲಸ ನನ್ನ ತಲೆಗೇ ಬಂತು. ತಾಣದಲ್ಲಿ ಒಂದು ಗುಂಡಿ ಒತ್ತಿದರೆ ನಮ್ಮ ಬರಹವೆಲ್ಲ ಒಂದು ಕಡತವಾಗಿ ಬರುತ್ತಿತ್ತು. ತೆಗೆದು, ಪ್ರಿಂಟ್ ಹಾಕಿಸಿ, ಬೈಂಡ್ ಮಾಡಿಸಿ ಕೊಟ್ಟೆ. ಮಾವ ಕನ್ನಡಕ ಏರಿಸಿ ನಡುವಿನ ಒಂದು ಪುಟ ತೆರೆದು ಗಟ್ಟಿಯಾಗಿ ಓದತೊಡಗಿದರು.

"ಇಲ್ಲ! ... ನಾನು ಹಾಗೆ ಹೇಳಿಯೇ ಇಲ್ಲ! ... ನಮ್ಮ ಮನೆಯ ಉಪ್ಪಿನ ವಿಷಯಕ್ಕೆ ಬರಬೇಡಿ! ... ಅದನ್ನು ನಿಮ್ಮ ಎಮ್ಮೆಗೆ ಕೇಳಿ!"

ಅತ್ತೆ ಅಡುಗೆಮನೆಯಿಂದ ಓಡಿ ಬಂದರು. "ಯಾರ ಜೊತಿ ಜಗಳ ಮಾಡಕತ್ತೀರಿ? ಇಲ್ಲಿ ಯಾರೂ ಇಲ್ವಲ್ರಿ!"

ಆಗ ನಮಗೆ ತಿಳಿಯಿತು. ಕಡತದಲ್ಲಿ ಅವರವರು ಬರೆದದ್ದು ಮಾತ್ರ ಬರುತ್ತದೆ, ಎದುರಾಳಿಯ ಮಾತು ಬರುವುದಿಲ್ಲ. ಹಳೆಯ ಪುಟಗಳನ್ನು ಒಂದೊಂದಾಗಿ ತೆರೆಯೋಣವೆಂದರೆ ಮುಚ್ಚಲು ಹೊರಟ ತಾಣ ಬರೀ ಚಕ್ರ ತಿರುಗಿಸುತ್ತ ಕೂತಿತ್ತು. ಹನ್ನೊಂದು ವರ್ಷದ ಜಗಳದಲ್ಲಿ ಮಾವ ಗೋಡೆಯ ಎದುರು ಒಬ್ಬರೇ ನಿಂತು ಕೂಗಾಡಿದ ಹಾಗಿತ್ತು. "ಇದನ್ನ ಯಾರಿಗೂ ತೋರಿಸ್ಬ್ಯಾಡ್ರಿ, ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತಾರೆ" ಎಂದರು ಅತ್ತೆ.

ಮಾವ ನಗಲಿಲ್ಲ. ಪುಸ್ತಕ ಮುಚ್ಚಿ, "ಉಳಿದರ್ಧ ಅವನ ಹತ್ರ ಐತೆ" ಎಂದರು. ಕನ್ನಡಕ ತೆಗೆದಿಟ್ಟು, "ಯುಗಾದಿಯಿಂದ ಅವನು ಒಂದಕ್ಷರ ಬರೆದಿಲ್ಲ, ಗೊತ್ತೈತಾ?" ಎಂದರು. ಅಲ್ಲಿಯತನಕ ಅವರು ಎಲ್ಲರ ಮುಂದೆ "ಸೋತು ಓಡಿಹೋದ" ಎಂದೇ ಹೇಳಿಕೊಂಡಿದ್ದರು. ಆದರೆ ದಿನಾ ಏಳೂ ಐದಕ್ಕೆ ಫೋನ್ ತೆಗೆದು ನೋಡುತ್ತಿದ್ದರೆಂದು ಅತ್ತೆ ಆಮೇಲೆ ನನಗೆ ಹೇಳಿದರು.

ಶನಿವಾರ ಬೆಳಿಗ್ಗೆ ನಾವಿಬ್ಬರೂ ಹರಿಹರಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ ಹಿಡಿದು ಕೊಕ್ಕನೂರಿನಲ್ಲಿ ಇಳಿದೆವು. ಟೀ ಅಂಗಡಿಯ ಮುಂದೆ ಕೂತಿದ್ದವರನ್ನು ಮಾವ ಗತ್ತಿನಿಂದ ಕೇಳಿದರು. "ಇಲ್ಲಿ ಕೊಕ್ಕನೂರು ರೈತರ ಮನೆ ಯಾವ್ದು?"

ಕೂತಿದ್ದವರು ಮುಖ ಮುಖ ನೋಡಿಕೊಂಡರು. "ಯಾವ ರೈತ್ರಿ? ನಾವೆಲ್ಲ ರೈತ್ರೇ ಅಲ್ಲೇನ್ರಿ?"

ಹನ್ನೊಂದು ವರ್ಷ ಬಡಿದಾಡಿದ ಮನುಷ್ಯನ ಹೆಸರೇ ಮಾವನಿಗೆ ಗೊತ್ತಿರಲಿಲ್ಲ! ನಾನು ಫೋನಿನಲ್ಲಿದ್ದ ಎಮ್ಮೆಯ ಫೋಟೋ ತೋರಿಸಿದೆ. ಒಬ್ಬ ಹಿರಿಯರು ತಕ್ಷಣ ಗುರುತು ಹಿಡಿದರು. "ಅಯ್ಯ, ಈ ಸೊಟ್ಟಗೊಂಬಿನ ಎಮ್ಮೆ ನೀರಿನ ಚಾನಲ್ ಪಕ್ಕದ ಮನೀದು. ಹೋಗ್ರಿ, ಬಾಗ್ಲಾಗೇ ಕಟ್ಯಾರೆ." ಮನುಷ್ಯರಿಗಿಂತ ಎಮ್ಮೆಗೇ ಗುರುತು ಹೆಚ್ಚು ನೋಡಿ. ಬಾಗಿಲಲ್ಲಿ ಅದು ನಿಜವಾಗಿಯೂ ಇತ್ತು. ಮಾವ ಅದರ ಮುಂದೆ ಒಂದು ಕ್ಷಣ ನಿಂತು, ಅಂಗಿ ಸರಿಮಾಡಿಕೊಂಡು ಒಳಗೆ ಹೆಜ್ಜೆಯಿಟ್ಟರು.

ಮನೆಯಾಕೆ ಹೊರಬಂದರು. "ಯಾರ್ರಿ?"

"ನಾನು... ದಾವಣಗೆರೆ ಹವಾಮಾನ."

ಆಕೆಯ ಮುಖ ಅರಳಿತು. "ಅಯ್ಯೋ, ಬಿಸಿಲು ಅಂತ ಹೇಳಿ ನಮ್ಮ ಸಂಡಿಗಿ ತೋಯ್ಸಿದ ಮೇಷ್ಟ್ರಾ! ಬರ್ರಿ, ಕೂಡ್ರಿ. ನಿಮ್ಮನ್ನ ಬೈಕೊಂತ ಬೈಕೊಂತಾನೇ ನಮ್ಮನ್ಯೋರು ದಿನಾ ಬೆಳಿಗ್ಗಿ ಚಾ ಕುಡಿತಿದ್ರು."

ಒಳಗೆ ಮಂಚದ ಮೇಲೆ ಅವರು ದಿಂಬಿಗೆ ಒರಗಿ ಕೂತಿದ್ದರು. ಯುಗಾದಿಯ ಮರುದಿನ ಲಕ್ವ ಹೊಡೆದಿತ್ತಂತೆ. ಬಲಗೈ ಏಳುತ್ತಿರಲಿಲ್ಲ, ಮಾತೂ ಹೊರಡುತ್ತಿರಲಿಲ್ಲ. "ನಿಮ್ಮದು ದಿನಾ ನಾನೇ ಓದಿ ಹೇಳ್ತೀನ್ರಿ. ಕೇಳಿ ತಲಿ ಅಲ್ಲಾಡಿಸ್ತಾರೆ. ಫೋನಾಗೆ ಬರಿಯಕ್ಕೆ ನನಗೆ ಬರಲ್ಲ" ಎಂದರು ಆಕೆ.

ಮಾವ ತಮ್ಮ ಪುಸ್ತಕವನ್ನು ಕಂಕುಳಲ್ಲಿ ಅವುಚಿಕೊಂಡು ಮಂಚದ ಹತ್ತಿರ ಹೋದರು. ನಾನು ಆ ಮನೆಯ ಫೋನಿನಲ್ಲಿ ಗುಂಡಿ ಒತ್ತಿದೆ. ಕಡತ ಬರಲು ಅರ್ಧ ಗಂಟೆ ಹಿಡಿಯಿತು. ಅಷ್ಟರಲ್ಲಿ ಮಂಡಕ್ಕಿ, ಚಹಾ ಬಂತು. ಕಡತ ಬಂದ ಮೇಲೆ ಮಾವ ಮಂಚದ ಪಕ್ಕಕ್ಕೆ ಸ್ಟೂಲ್ ಎಳೆದುಕೊಂಡು, ಒಂದು ಕೈಯಲ್ಲಿ ತಮ್ಮ ಪುಸ್ತಕ, ಇನ್ನೊಂದರಲ್ಲಿ ಅವರ ಫೋನ್ ಹಿಡಿದು, ತಾರೀಖು ಹೊಂದಿಸಿ ಓದತೊಡಗಿದರು.

"ನಾನು: ಇಂದು ಸಂಜೆ ಮಳೆ ಖಚಿತ. ನೀವು: ಸುಳ್ಳು. ನಾನು: ಉಪ್ಪು ಒದ್ದೆಯಾಗಿದೆ. ನೀವು: ಮೇಷ್ಟ್ರೇ, ನಿಮ್ಮ ಕೈ ಒದ್ದೆ ಇತ್ತೇನೋ, ಒರೆಸಿಕೊಂಡು ಮುಟ್ಟಿ ನೋಡ್ರಿ."

ತಮಗೆ ಬಿದ್ದ ಬೈಗುಳವನ್ನೆಲ್ಲ ಮಾವ ಅವರ ಪರವಾಗಿ ಅವರಿಗಿಂತ ಜೋರಾಗಿ ಓದಿದರು! ಮಂಚದ ಮೇಲಿದ್ದವರ ಹೊಟ್ಟೆ ನಗುವಿನಿಂದ ಕುಲುಕುತ್ತಿತ್ತು, ಬಾಯಿ ಮಾತ್ರ ಒಂದೇ ಕಡೆ ನಗುತ್ತಿತ್ತು.

ಹೊರಡುವ ಹೊತ್ತಾಯಿತು. ಮಾವ ಬಾಗಿಲಿಗೆ ಹೋಗಿ ಆಕಾಶ ನೋಡಿ, ಎಂದಿನ ಗತ್ತಿನಲ್ಲಿ ಹೇಳಿದರು. "ಇವತ್ತು ಒಂದು ಹನಿಯೂ ಬೀಳಲ್ಲ."

ಮಂಚದ ಮೇಲೆ ಏನೋ ಅಲುಗಾಡಿತು. ಅವರು ದಿಂಬು ಬಿಟ್ಟು ಮುಂದಕ್ಕೆ ಬಾಗಿದ್ದರು. ತುಟಿ ಸೊಟ್ಟಗಾಯಿತು, ಕುತ್ತಿಗೆಯ ನರ ಉಬ್ಬಿತು.

"ಸು... ಸುಳ್... ಳು."

ಮನೆಯಾಕೆ ಕೈಯಲ್ಲಿದ್ದ ಲೋಟ ಕೆಳಗಿಟ್ಟು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ನಾಕು ತಿಂಗ್ಳಾದ್ ಮ್ಯಾಲೆ ಮಾತು ಬಂತ್ರಿ" ಎಂದು ಅತ್ತುಬಿಟ್ಟರು. ಮಾವ ಹೋಗಿ ಅವರ ಏಳದ ಬಲಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. "ಬೈರಿ, ಇನ್ನೊಂದ್ಸಲ ಬೈರಿ" ಎಂದರು. ನನಗೂ ಕಣ್ಣು ತುಂಬಿ ಎಮ್ಮೆಯ ಕಡೆ ಮುಖ ತಿರುಗಿಸಿಕೊಂಡೆ.

ಹರಿಹರದಲ್ಲಿ ದಾವಣಗೆರೆಯ ಬಸ್ಸು ಹತ್ತಿ ಕೂರುವಷ್ಟರಲ್ಲಿ ಮಳೆ ಶುರುವಾಯಿತು, ಅದೂ ಎಂಥಾ ಮಳೆ! ಎಲ್ಲರೂ ಕಿಟಕಿ ಎಳೆದುಕೊಂಡರು. ಮಾವ ಎಳೆದುಕೊಳ್ಳಲಿಲ್ಲ. ಒಂದು ತೋಳು ನೆನೆಯುತ್ತಿದ್ದಂತೆಯೇ ಫೋನ್ ತೆಗೆದು, ನಾಳೆ ಮುಚ್ಚಲಿದ್ದ ತಾಣದಲ್ಲಿ ನಿಧಾನವಾಗಿ ಬೆರಳಾಡಿಸಿದರು. ನಾನು ಬಗ್ಗಿ ನೋಡಿದೆ. "ಕೊಕ್ಕನೂರಿನವರು ಹೇಳಿದ್ದೇ ನಿಜ. ನಾನು ಹೇಳಿದ್ದು ಸುಳ್ಳು. ಮಳೆ ಬಂದಿದೆ."

"ಮಾವ, ನಮ್ಮ ಕಡತ ಆಗಲೇ ತೆಗೆದಾಯ್ತು. ಇದು ಅದರಾಗೆ ಬರಲ್ಲ" ಎಂದೆ.

"ಬರದಿದ್ರೆ ಬ್ಯಾಡ ಬಿಡು" ಎಂದರು ಮಾವ, ಒದ್ದೆ ಕನ್ನಡಕ ಒರೆಸಿಕೊಳ್ಳುತ್ತ. "ಸಂಜಿ ಒಳಗೆ ಅವರ ಮನ್ಯೋರು ಓದಿ ಹೇಳ್ತಾರೆ. ಅವನು ಕೇಳಿದ್ರೆ ಸಾಕು."