ಮೂವತ್ತೊಂದು ವಿಷಲ್, ಹದಿನೈದು ವಿಷಲ್

ವರದರಾಜುವಿನ ಹೊಸ ಯಂತ್ರ ಹೊಟ್ಟೆಯಲ್ಲಿ ಹಳೆಯ ಕುಕ್ಕರ್, ನೆತ್ತಿಯಲ್ಲಿ ಕ್ಯಾಲ್ಕುಲೇಟರ್ ಹೊತ್ತು ಅಡುಗೆಮನೆಯ ಕಟ್ಟೆಯೇರಿ ಕೂತಿತ್ತು. ಪ್ರದರ್ಶನಕ್ಕೆ ಬಂದ ಮಹಾಜನರು ಒಬ್ಬರೇ: ಅಕ್ಕ ರಂಗನಾಯಕಿ.

"ನೋಡಕ್ಕ, ಸಂಖ್ಯೆ ಕೊಟ್ರೆ ಸಾಕು. ಅದನ್ನ ಶೇಷವಿಲ್ದೆ ಭಾಗಿಸೋ, ಅದಕ್ಕಿಂತ ಚಿಕ್ಕ ಸಂಖ್ಯೆಗಳನ್ನೆಲ್ಲ ಹುಡುಕುತ್ತೆ. ಒಂದು ಸಿಕ್ರೆ ಒಂದು ವಿಷಲ್. ಆಮೇಲೆ ಎಲ್ಲಾನೂ ಕೂಡುತ್ತೆ. ಮೊತ್ತ ಅದೇ ಸಂಖ್ಯೆ ಬಂದ್ರೆ ನಿಲ್ಲುತ್ತೆ. ಬೇರೆ ಬಂದ್ರೆ ಆ ಮೊತ್ತದ ಬೆನ್ನು ಹತ್ತುತ್ತೆ."

"ಅದರಿಂದ ಅನ್ನ ಆಗುತ್ತೇನೋ?"

"ಜ್ಞಾನ ಆಗುತ್ತೆ!"

ಅವನು ಆರು ಒತ್ತಿದ. ಒಂದು, ಎರಡು, ಮೂರಕ್ಕೆ ಮೂರು ವಿಷಲ್, ಕೂಡಿದರೆ ಆರೇ. ಯಂತ್ರ ನಿಂತಿತು. ವಠಾರದ ಉಳಿದ ಆರು ಮನೆಯ ಒಲೆಗಳೂ ಆರಿದವು. ಗೋಡೆಗೆ ಗೋಡೆ ಅಂಟಿದ ಮನೆಗಳು. ಎಲ್ಲರೂ ಹಜಾರದಲ್ಲಿ ಕೂತು ಮೂರು ವಿಷಲ್ ಎಣಿಸಿ ಗ್ಯಾಸ್ ಆರಿಸುವವರೇ.

ರಂಗನಾಯಕಿಗೆ ಏನೋ ಹೊಳೆಯಿತು. ಒಳಗಿನಿಂದ ತನ್ನ ಕಾಲೇಜಿನ ಬಾಟನಿ ಪುಸ್ತಕ ತಂದಳು. ಕೊನೆಯ ಪುಟದಲ್ಲಿ 9363584, ಕೆಳಗೆ ಸಂಪತ್ ಎಂಬ ಸಹಿ. ಗಣಿತ ಓದುತ್ತಿದ್ದ ಸಂಪತ್ ಕೆಲಸ ಸಿಕ್ಕಿ ಪುಣೆಗೆ ಹೊರಟ ದಿನ ಬರೆದುಕೊಟ್ಟದ್ದು. ಫೋನ್ ನಂಬರೆಂದುಕೊಂಡು ಅವಳು ಮೂರು ದಿನ ಎಸ್‌ಟಿಡಿ ಬೂತಿನಲ್ಲಿ ನಿಂತಿದ್ದಳು. ಅಂಥ ನಂಬರೇ ಇಲ್ಲವಂತೆ! ಸುಳ್ಳು ನಂಬರ್ ಕೊಟ್ಟವನ ಕಾಗದ ಯಾರಿಗೆ ಬೇಕೆಂದು ಅವನ ಎರಡು ಪತ್ರಗಳನ್ನು ಒಡೆಯದೆ ವಾಪಸು ಕಳಿಸಿದಳು. ಮೂರನೆಯದು ಬರಲಿಲ್ಲ. ಕೋಪ ಎಂದೋ ಇಳಿದಿತ್ತು. ಯಾಕೆ ಹಾಗೆ ಮಾಡಿದ ಎಂದು ಅವನನ್ನೊಮ್ಮೆ ಕೇಳುವ ಆಸೆ ಮಾತ್ರ ಮೂವತ್ತೆರಡು ವರ್ಷವಾದರೂ ಹೋಗಿರಲಿಲ್ಲ.

"ಇದನ್ನ ಒತ್ತು."

ಮೂವತ್ತೊಂದು ವಿಷಲ್. ಮೊತ್ತ 9437056. ಯಂತ್ರ ಅದರ ಬೆನ್ನು ಹತ್ತಿತು. ಹದಿನೈದು ವಿಷಲ್. ಮೊತ್ತ 9363584. ರಂಗನಾಯಕಿ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಮತ್ತೆ ಮೂವತ್ತೊಂದು ಶುರುವಾಯಿತು.

ವರದರಾಜು ಬೆವೆತ. "ಇವೆರಡೂ ಜೋಡಿ ಕಣಕ್ಕ. ಇದನ್ನ ಭಾಗಿಸೋವನ್ನ ಕೂಡಿದ್ರೆ ಅದು, ಅದನ್ನ ಭಾಗಿಸೋವನ್ನ ಕೂಡಿದ್ರೆ ಇದು. ಸ್ನೇಹ ಸಂಖ್ಯೆಗಳು ಅಂತಾರೆ. ನಾನಿದನ್ನ ಯೋಚನೇನೇ ಮಾಡಿರ್ಲಿಲ್ಲ. ಇನ್ನು ನಿಲ್ಲಲ್ಲ ಇದು."

ಅವಳು ಪುಸ್ತಕದ ಕೊನೆಯ ಪುಟವನ್ನು ಮತ್ತೆ ತೆರೆದಳು. ಸಂಪತ್ ಸುಳ್ಳು ನಂಬರ್ ಕೊಟ್ಟಿರಲಿಲ್ಲ. ಜೋಡಿಯಲ್ಲಿ ಒಂದನ್ನು ಅವಳಿಗೆ ಕೊಟ್ಟು, ಇನ್ನೊಂದನ್ನು ತಾನಿಟ್ಟುಕೊಂಡು ಹೋಗಿದ್ದ. ಆ ಪತ್ರಗಳಲ್ಲಿ ಏನಿತ್ತೋ! ಈಗ ಒಡೆಯೋಣವೆಂದರೂ ಅವು ಎಲ್ಲಿವೆ?

ಪಕ್ಕದ ಮನೆಯ ಪಂಕಜಮ್ಮ ಪಾತ್ರೆ ಹಿಡಿದು ಬಂದರು. "ಏನಪ್ಪ ವರದು, ಮೂರು ವಿಷಲ್ ಆಯ್ತು ಅಂತ ಆರಿಸಿದ್ರೆ ಅಕ್ಕಿ ಅಕ್ಕಿಯಾಗೇ ಇದೆ. ನಿಮ್ಮನೇದು ನೋಡಿದ್ರೆ ನಿಲ್ಲೋದೇ ಇಲ್ವಲ್ಲ, ನಮ್ಮ ಕುಕ್ಕರಿನದು ಎಣಿಸೋದು ಹೇಗೆ! ಮೊದ್ಲು ನಿಲ್ಸಪ್ಪ."

ವರದರಾಜು ಸ್ವಿಚ್ಚಿಗೆ ಕೈ ಹಾಕಿದ. ಅಕ್ಕ ಆ ಕೈ ಹಿಡಿದುಕೊಂಡಳು.

"ಮೂವತ್ತೆರಡು ವರ್ಷ ಆಯ್ತು ಕಣೋ. ಎರಡೂ ಮಾತಾಡ್ಕೊಳ್ಳಲಿ ಬಿಡು."

ದಿನಾ ಹೋಗುವ ಕರೆಂಟು ಅಂದು ಸಂಜೆಯವರೆಗೂ ಹೋಗಲಿಲ್ಲ. ವಠಾರದ ಏಳೂ ಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ಅವಲಕ್ಕಿ.